ನನ್ನನ್ನು ಪೈಲವಾನ ಎಂದ ಕುರಿ ಸಾಹೇಬ

ಮೊನ್ನೆ ಉಮರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ಗುಂಜೋಟಿಯ ಬಸ್ಸಿಗೆ ಕಾಯುತ್ತ ಕೂತಿದ್ದೆ. ಸಣ್ಣಗೆ ಮಳೆ ಹನಿಯುತ್ತಿತ್ತು. ರಸ್ತೆಯ ಕಡೆಯಿಂದ ಒಬ್ಬ ಕುರುಬ ಓಡಿಬಂದು ನನ್ನ ಬೆಂಚಿನ ಪಕ್ಕ ನಿಂತ. ಮೈಮೇಲೆ ಕರಿ ಕಂಬಳಿ, ಪೂರ್ತಿ ನೆನೆದದ್ದು. ಆ ವಾಸನೆ ಗೊತ್ತಿದ್ದವರಿಗೇ ಗೊತ್ತು. ಅರ್ಧ ಕುರಿ, ಅರ್ಧ ಒಲೆಯ ಹೊಗೆ, ಒಳಗೊಂದಿಷ್ಟು ಹುಳಿ ಮಜ್ಜಿಗೆ… ಆಚೆ ಕೂತ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದಳು. ನಾನು ಇನ್ನಷ್ಟು ಹತ್ತಿರ ಸರಿದೆ. ಬಸ್ಸು ಬಂತು, ನಿಂತಿತು, ಹೋಯಿತು. ನಾನು ಏಳಲೇ ಇಲ್ಲ.

ಅವತ್ತಿನಿಂದ ನನ್ನ ಮನಸ್ಸು ನೆಟ್ಟಗಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಉಣ್ಣಲು ಕೂತರೆ ಅರ್ಧಕ್ಕೇ ಏಳುತ್ತೇನೆ. "ಮಾವಾ, ಏನಾಗ್ಯದ್ರಿ ನಿಮಗ?" ಎಂದು ಸೊಸೆ ಕೇಳುತ್ತಾಳೆ. ಏನಂತ ಹೇಳಲಿ? ಐವತ್ತು ವರ್ಷದ ಹಿಂದೆ ಒಬ್ಬ ಮನುಷ್ಯ ನನಗೆ ಮರ್ಯಾದೆ ಕೊಟ್ಟ, ಅದು ಇವತ್ತಿಗೂ ಚುಚ್ಚುತ್ತದೆ ಎಂದರೆ ಅವಳು ನಗುವುದಿಲ್ಲವೆ?

ಪೋಲೀಸ್ ಆ್ಯಕ್ಷನ್ ಮುಗಿದು ಏಳೆಂಟು ವರ್ಷಗಳಾಗಿದ್ದವು. ನಮ್ಮ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ನಾನು ಓದಿದ್ದು ಮಾತ್ರ ಉರ್ದು. ನಿಜಾಮನ ಹಿಂದೆ ನನ್ನ ಉರ್ದುವೂ ಗಂಟುಮೂಟೆ ಕಟ್ಟಿತ್ತು. ಹೈದರಾಬಾದು ರಾಜ್ಯ ಒಡೆಯುತ್ತದಂತೆ, ನಾವು ಯಾರ ಪಾಲಿಗೆ ಹೋಗುತ್ತೇವೋ ಎಂಬುದೇ ಎಲ್ಲರ ಬಾಯಲ್ಲಿ. ಅಪ್ಪ ದಿನಾ ಬೆಳಗ್ಗೆ, "ಓದಿ ಏನ್ ಕಡದು ಕಟ್ಟಿ ಹಾಕಿದಿ? ನಡಿ ಹೊಲಕ್ಕ" ಎನ್ನುತ್ತಿದ್ದ. ಅಷ್ಟರಲ್ಲಿ ಉಮರ್ಗಾದ ಹೊರಗೆ ಸರ್ಕಾರದ ಉಣ್ಣೆ ಕೇಂದ್ರವೊಂದು ತೆರೆಯಿತು. ಕುರಿಯ ಉಣ್ಣೆ ಕತ್ತರಿಸುವ ಹೊಸ ರೀತಿ ಕಲಿಸಲು ಆಸ್ಟ್ರೇಲಿಯಾದಿಂದ ಒಬ್ಬ ಬರುತ್ತಾನೆ, ಅವನ ಇಂಗ್ಲಿಷನ್ನು ಕುರುಬರಿಗೆ ಕನ್ನಡದಲ್ಲಿ ಹೇಳುವ ದುಭಾಷಿ ಬೇಕು ಎಂದರು. ಶಾಲೆಯಲ್ಲಿ ಕಲಿತ ಇಂಗ್ಲಿಷಿನ ಬಲದ ಮೇಲೆ ನನಗೆ ಸಿಕ್ಕಿತು. ಆದರೆ ಹಂಗಾಮಿ ಕೆಲಸ. ಕೇಂದ್ರದ ಇನ್‌ಸ್ಪೆಕ್ಟರ್ ಮನಸ್ಸು ಮಾಡಿದರೆ ಕಾಯಂ, ಇಲ್ಲದಿದ್ದರೆ ಅಪ್ಪನ ಹೊಲ. ಆ ಇನ್‌ಸ್ಪೆಕ್ಟರು ಕೆಮ್ಮಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಬಂದವನನ್ನು ಇಡೀ ತಾಲ್ಲೂಕು ಕುರಿ ಸಾಹೇಬ ಎಂದು ಕರೆಯಿತು. ಅವನು ಅಂತಲೇ ಬರೆಯುತ್ತೇನೆ. 'ಅವರು' ಎಂದರೆ ಅವನಿಗೆ ಆಗುತ್ತಿರಲಿಲ್ಲ. ಕೆಂಪು ತಲೆಗೂದಲು, ಎದೆಯ ತನಕ ಕೆಂಪು ಗಡ್ಡ, ಮೊಳಕಾಲಿನ ಮೇಲೆ ನಿಂತ ಚಡ್ಡಿ. ನಮ್ಮ ಕಡೆ ಹೊಲದಲ್ಲಿ ಬರಿಗಾಲಲ್ಲಿ ತಿರುಗುವವನೂ ಬಜಾರಿಗೆ ಹೋಗುವಾಗ ಚಪ್ಪಲಿ ಮೆಟ್ಟುತ್ತಾನೆ. ಇವನು ಹೊಲಕ್ಕೆ ಬೂಟು ಹಾಕಿಕೊಂಡು ಹೋಗಿ, ಬಜಾರಿಗೆ ಬರಿಗಾಲಲ್ಲಿ ಬರುತ್ತಿದ್ದ! ಮೊದಲ ದಿನ ಜೀಪಿನ ಹಿಂದಿನ ಸೀಟಿಗೆ ಬಿಳಿ ಬಟ್ಟೆ ಹಾಸಿ ಬಾಗಿಲು ತೆರೆದು ನಿಂತರೆ, ಇವನು ಸೀದಾ ಹೋಗಿ ಡ್ರೈವರನ ಪಕ್ಕದಲ್ಲಿ ಕೂತ. ಡ್ರೈವರ್ ಚಾಚಾ ಗಾಬರಿಯಾಗಿ ಕೆಳಗಿಳಿದೇ ಬಿಟ್ಟ. "ಸಾಹೇಬ್ರು ಬಾಜೂಕ ಕುಂತ್ರ ನಾ ಗಾಡಿ ಹ್ಯಾಂಗ್ ಹೊಡೀಲಿ ಮಿಯಾ?" ಎಂದು ನನ್ನ ಮುಖ ನೋಡಿದ. ನಾನು ಸಾಹೇಬನನ್ನು ಕೇಳಿದೆ. ಹಿಂದೆ ಕೂತರೆ ನಮ್ಮ ದೇಶದಲ್ಲಿ 'ಇವನು ತನ್ನನ್ನು ಏನಂದುಕೊಂಡಿದ್ದಾನೆ' ಎಂದು ಡ್ರೈವರನೇ ಸಿಟ್ಟಾಗುತ್ತಾನೆ ಎಂದ. ತಿಂಗಳೊಪ್ಪತ್ತಿನಲ್ಲಿ ಕುರಿ ಸಾಹೇಬ ಜೀಪು ನಡೆಸುವುದು, ಚಾಚಾ ಹಿಂದೆ ಗೊರಕೆ ಹೊಡೆಯುವುದು ವಾಡಿಕೆಯಾಯಿತು.

ಬೆಳಗ್ಗೆ ಹತ್ತಕ್ಕೆ ಕೆಲಸ ನಿಲ್ಲಲೇಬೇಕು. ಆಕಾಶ ಬಿದ್ದರೂ ನಿಲ್ಲಬೇಕು. ತಂತಿಯ ಹಿಡಿಕೆ ಹಾಕಿದ ಒಂದು ಕರಕು ಡಬ್ಬಿಯಲ್ಲಿ ನೀರು ಕುದಿಸಿ, ಚಹಾಪುಡಿ ಸುರಿದು, ಅವನು ಆ ಡಬ್ಬಿಯನ್ನು ತೋಳೆತ್ತಿ ಗರಗರ ಸುತ್ತ ಬೀಸುತ್ತಿದ್ದ. ಒಂದು ಹನಿ ಚೆಲ್ಲುತ್ತಿರಲಿಲ್ಲ. ಪುಡಿ ತಳಕ್ಕೆ ಕೂರಲಿ ಎಂದಂತೆ. ಮೊದಲ ಸಲ ಕುರುಬರೆಲ್ಲ ದಿಕ್ಕಾಪಾಲಾಗಿ ಓಡಿದರು. ಅವರ ಹಿರಿಯ, ಮಾಳಪ್ಪ ಮುತ್ಯಾ, ದೂರ ನಿಂತು, "ಇಂವಾ ಚಾ ಕುದಸ್ತಾನೋ, ಕವಣಿ ಬೀಸ್ತಾನೋ?" ಎಂದ. ಆಮೇಲೆ ಎಲ್ಲರೂ ನೆಲದ ಮೇಲೆ ದುಂಡಗೆ ಕೂತು ಕುಡಿಯಬೇಕು. ಕುರುಬರು, ಚಾಚಾ, ನಾನು, ಕೊಟ್ಟಿಗೆ ಬಳಿಯುವವನು, ಎಲ್ಲರೂ. ಇನ್‌ಸ್ಪೆಕ್ಟರೊಬ್ಬರು ತಮ್ಮ ಚಹಾದ ಕಪ್ಪು-ಬಸಿ ಹಿಡಿದು ದೂರ ಕುರ್ಚಿಯಲ್ಲಿ.

ಅವನ ಹೊಗಳಿಕೆಯೂ ವಿಚಿತ್ರ. ಒಮ್ಮೆ ಗುಂಜೋಟಿಗೆ ನಮ್ಮ ಮನೆಗೆ ಕರೆದುಕೊಂಡು ಹೋದೆ. ಅವ್ವ ಹೋಳಿಗೆ ಮಾಡಿ ತುಪ್ಪ ಸುರಿದಳು. ಆರು ತಿಂದ. ತಿಂದು ಕೈ ತೊಳೆದು, "ಕೆಟ್ಟದ್ದೇನಲ್ಲ" ಎಂದ. ನಾನು ಬುದ್ಧಿಯಿಲ್ಲದವನು, ಅದನ್ನೇ ಅವ್ವನಿಗೆ ಹೇಳಿದೆ.

"ಕೆಟ್ಟಿಲ್ಲಂತ? ಕೆಟ್ಟಿದ್ದು ಬಡಸ್ಲಾಕ ನಾ ಏನ್ ಇವನ ಮಲತಾಯೇನು?" ಎಂದು ಅವ್ವ ಒಳಗೆ ಹೋಗಿ ಪಾತ್ರೆ ಕುಕ್ಕತೊಡಗಿದಳು.

ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತೇ ಇಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅಲ್ಲಿಂದ ನಾನು ಚಾಲಾಕಿಯಾದೆ. ಅವನ ಮಾತಿಗೆ ಒಂದಿಷ್ಟು ಬೆಲ್ಲ ಹಾಕಿ ಕುರುಬರಿಗೆ ಕೊಡುತ್ತಿದ್ದೆ, ಕುರುಬರ ಮಾತಿನ ಖಾರ ತೆಗೆದು ಅವನಿಗೆ ಕೊಡುತ್ತಿದ್ದೆ. ಎಲ್ಲರೂ ನನ್ನನ್ನು ಮೆಚ್ಚಿದರು. ನನಗೂ ಅದು ರೂಢಿಯಾಗಿಹೋಯಿತು.

ಹೆಸರಿಡುವುದರಲ್ಲಂತೂ ಅವನದು ಎಲ್ಲ ಉಲ್ಟಾ. ನಮ್ಮ ಚಾಚಾನ ಹೊಟ್ಟೆ ಸ್ಟೀರಿಂಗಿಗೆ ತಾಗುತ್ತಿತ್ತು. ಅವನನ್ನು ಕಡ್ಡಿ ಎಂದ. ಎಂಬತ್ತರ ಹತ್ತಿರದ ಮಾಳಪ್ಪ ಮುತ್ಯಾನನ್ನು ಹುಡುಗ ಎಂದ. ನಾನಾಗ ಗಾಳಿ ಬಂದರೆ ಕಂಬ ಹಿಡಿದು ನಿಲ್ಲಬೇಕಾದವನು. ಕುಸ್ತಿ ಆಡುವವನಿಗೆ ಕನ್ನಡದಲ್ಲಿ ಏನೆನ್ನುತ್ತೀರಿ ಎಂದು ನನ್ನನ್ನೇ ಕೇಳಿ, ನನಗೇ ಪೈಲವಾನ ಎಂದು ಹೆಸರಿಟ್ಟ! "ಏ ಪೈಲವಾನ, ಸೋಮಾರಿ ಕತ್ತೆ, ಬಾ ಇಲ್ಲಿ" ಎಂಬುದೇ ನನಗೆ ಅವನ ಬೆಳಗಿನ ನಮಸ್ಕಾರ. ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು. ಮ್ಯಾಟ್ರಿಕ್ ಪಾಸಾದವನು ನಾನು, ಕತ್ತೆಯೆ?

ಇದರ ಗುಟ್ಟು ಬಿಚ್ಚಿದವನು ಉದಗೀರದಲ್ಲಿ ಬಾವಿ ಕೊರೆಸಲು ಬಂದಿದ್ದ ಅವನದೇ ದೇಶದ ಇನ್ನೊಬ್ಬ. ನಿಲಂಗಾ ದಾಟಿ ಅವನನ್ನು ನೋಡಲು ಹೋದೆವು. ಒಂದೇ ದೇಶದವರು, ಆರು ತಿಂಗಳ ಮೇಲೆ ಭೇಟಿ, ಅಪ್ಪಿಕೊಳ್ಳುತ್ತಾರೆ ಎಂದು ನಾನು ನೋಡಿದರೆ, ಆ ಬಾವಿ ಸಾಹೇಬ, "ದರಿದ್ರದವನೇ, ಇನ್ನೂ ಸತ್ತಿಲ್ಲವೆ?" ಎಂದ. ಇವನು, "ನಿನ್ನ ಮುಖ ನೋಡಿ ಈಗ ಸಾಯುತ್ತೇನೆ" ಎಂದ. ಅಷ್ಟೇ. ಇಬ್ಬರೂ ಚಹಾ ಕುಡಿಯುತ್ತ ಕೂತರು. ನನ್ನ ಗಾಬರಿ ನೋಡಿ ಬಾವಿ ಸಾಹೇಬ ನಕ್ಕು ಹೇಳಿದ: ನಮ್ಮಲ್ಲಿ ಬೈದರೆ ನೀನು ಮನೆಯೊಳಗಿದ್ದೀಯ ಎಂದು ಅರ್ಥ. ಮಿಸ್ಟರ್ ಎಂದು ಕರೆದರೆ ನಿನ್ನನ್ನು ಹೊಸ್ತಿಲಾಚೆ ನಿಲ್ಲಿಸಿದ್ದಾರೆ ಎಂದು ತಿಳಿ.

ಆಗ ನನಗೆ ಜ್ಞಾನೋದಯ. ಕುರಿ ಸಾಹೇಬ ಇನ್‌ಸ್ಪೆಕ್ಟರರಿಗೆ ಮಾತ್ರ ಮಿಸ್ಟರ್, ದಯವಿಟ್ಟು, ಬಹಳ ಉಪಕಾರ ಎಂದೆಲ್ಲ ನಯವಾಗಿ ಆಡುತ್ತಿದ್ದ. ಅವರೋ, ಸಾಹೇಬನಿಗೆ ತಮ್ಮ ಮೇಲೆ ಭಾರೀ ಗೌರವ ಎಂದು ಮೀಸೆ ತಿರುವುತ್ತಿದ್ದರು. ಉದಗೀರದಿಂದ ಬರುವಾಗ ದಾರಿಯುದ್ದಕ್ಕೂ ನಾನು ಒಳಗೊಳಗೇ ಹಿಗ್ಗಿದೆ. ಕತ್ತೆ ಅನ್ನಿಸಿಕೊಂಡು ಅಷ್ಟು ಖುಷಿಪಟ್ಟವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಈಗ ಆ ದಿನದ ಮಾತು. ಬರೆಯಲು ಕೂತು ಮೂರು ಸಲ ಎದ್ದೆ…

ಮಾಳಪ್ಪ ಮುತ್ಯಾನ ಹಿಂಡಿನಲ್ಲಿ ಒಂದು ಟಗರಿತ್ತು. ರಜಾಕಾರರ ಗದ್ದಲದಲ್ಲಿ ಅವನ ಹಿಂಡೆಲ್ಲ ಚೆಲ್ಲಾಪಿಲ್ಲಿಯಾಗಿ ಹೋಗಿ, ಮತ್ತೆ ಒಂದೊಂದೇ ಕುರಿ ಕೂಡಿಸಿ ಕಟ್ಟಿದ ಹಿಂಡು ಅದು. ಹೊಸ ಹಿಂಡು ನಿಂತರೆ ಒಂದು ಮರಿಯನ್ನು ಬೀರಪ್ಪನಿಗೆ ಬಿಡುತ್ತೇನೆ, ಐದು ವರ್ಷ ಕತ್ತರಿ ಮುಟ್ಟಿಸುವುದಿಲ್ಲ, ಆ ಉಣ್ಣೆಯಿಂದಲೇ ದೇವರ ಗದ್ದುಗೆಗೆ ಕಂಬಳಿ ನೇಯಿಸುತ್ತೇನೆ ಎಂದು ಹರಕೆ ಹೊತ್ತಿದ್ದ. ನಾಲ್ಕು ವರ್ಷ ಮುಗಿದಿತ್ತು. ಟಗರು ನಡೆದರೆ ಉಣ್ಣೆ ನೆಲ ಗುಡಿಸುತ್ತಿತ್ತು. ಅದರ ಕಾಲಿಗೆ ಗಾಯವಾಗಿ, ಕುರಿ ಸಾಹೇಬ ಮದ್ದು ಹಚ್ಚಲೆಂದು ಕೇಂದ್ರದಲ್ಲಿ ಕಟ್ಟಿದ್ದ. ಅವತ್ತು ಬೆಳಗ್ಗೆ ಮುತ್ಯಾ ಉಳಿದ ಹಿಂಡನ್ನು ಮೇಯಿಸಲು ಹೊಡೆದುಕೊಂಡು ಹೋಗುವಾಗ ನನ್ನ ಹತ್ತಿರ ಬಂದ.

"ತಮ್ಮಾ, ಇದು ಬೀರಪ್ಪಂದು. ಇದಕ್ಕ ಕತ್ತರಿ ಹಚ್ಚಬ್ಯಾಡಂತ ಸಾಹೇಬಗ ಬರೋಬರಿ ತಿಳಿಸಿ ಹೇಳು. ಮರೀಬ್ಯಾಡ."

"ಹೇಳ್ತೀನಿ ಮುತ್ಯಾ, ನೀ ನಡಿ" ಎಂದೆ. ಸಾಹೇಬ ಆಗ ಕತ್ತರಿ ಮಸೆಯುತ್ತಿದ್ದ. ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಮಧ್ಯಾಹ್ನ ಬರಬೇಕಿದ್ದ ಮೇಲಿನ ಅಧಿಕಾರಿಗಳು ಹತ್ತಕ್ಕೇ ಬಂದಿಳಿದರು. ಅವರಿಗೆ ಉಣ್ಣೆ ಕತ್ತರಿಸಿ ತೋರಿಸಬೇಕು. ಹಿಂಡು ಎಲ್ಲೋ ಗುಡ್ಡದಲ್ಲಿ. ಕೇಂದ್ರದಲ್ಲಿದ್ದದ್ದು ಅದೊಂದೇ ಟಗರು. ಇನ್‌ಸ್ಪೆಕ್ಟರರ ಕಣ್ಣು ಅದರ ಮೇಲೆ ಬಿತ್ತು. "ಇದಕ್ಕಿಂತ ಒಳ್ಳೆಯದು ಬೇಕೆ? ಇದರ ಮೇಲೇ ತೋರಿಸಿ" ಎಂದರು. ಕುರಿ ಸಾಹೇಬ ನನ್ನ ಕಡೆ ತಿರುಗಿದ. "ಪೈಲವಾನ, ಇದನ್ನು ಕತ್ತರಿಸಿದರೆ ಆ ಹುಡುಗನ ಅಡ್ಡಿಯೇನೂ ಇಲ್ಲವಷ್ಟೆ?"

ಇನ್‌ಸ್ಪೆಕ್ಟರ್ ನನ್ನನ್ನೇ ನೋಡುತ್ತಿದ್ದರು. ಹೇಳಬೇಕು, ಹೇಳಬೇಕು ಎಂದು ನಾಲಿಗೆ ತುದಿಗೆ ಬಂತು. ಅಧಿಕಾರಿಗಳ ಎದುರು ಅವರ ಮುಖಭಂಗವಾದರೆ ನನ್ನ ಕೆಲಸದ ಗತಿ? ನಾನು "ಇಲ್ಲ" ಎಂದೆ. ಎರಡೇ ಅಕ್ಷರ.

ಅವನು ಕುರಿಯ ಕಾಲು ಕಟ್ಟುತ್ತಿರಲಿಲ್ಲ. ಮುದುಕರು ಕಟ್ಟೆಯ ಮೇಲೆ ಕೂತ ಹಾಗೆ ಅದನ್ನು ಕುಂಡೆಯ ಮೇಲೆ ಕೂರಿಸಿ, ತನ್ನ ಮೊಳಕಾಲಿಗೆ ಒರಗಿಸಿಕೊಂಡು, ಹೊಟ್ಟೆಯಿಂದ ಶುರುಮಾಡಿ ಕತ್ತರಿಸುತ್ತ ಹೋಗುತ್ತಿದ್ದ. ಬೀರಪ್ಪನ ಟಗರೂ ಹಾಗೇ ಕೂತಿತು. ನಾಲ್ಕು ವರ್ಷದ ಉಣ್ಣೆ ಹೊದಿಕೆ ಜಾರಿದಂತೆ ಒಂದೇ ತುಂಡಾಗಿ ಜಾರಿ ಬಿತ್ತು. ಅಧಿಕಾರಿಗಳು ಚಪ್ಪಾಳೆ ತಟ್ಟಿದರು.

ಅಧಿಕಾರಿಗಳು ಹೋದ ಮೇಲೆ ಮುತ್ಯಾ ಬಂದ. ಬೋಳು ಟಗರನ್ನು ನೋಡಿದ. ಅದರ ಪಕ್ಕದಲ್ಲಿ ಕುಸಿದು ಕೂತು ಬರಿಮೈಯ ಮೇಲೆ ಕೈಯಾಡಿಸತೊಡಗಿದ. ಹಿಂದಿದ್ದ ಕುರುಬರು ಕೋಲು ಹಿಡಿದರು. ಇನ್‌ಸ್ಪೆಕ್ಟರ್ ಓಡಿಬಂದರು. ಅವರಿಗೆ ಕನ್ನಡ ಬಾರದು. ಏನು, ಏನು ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳುತ್ತಿದ್ದರು. ಮುತ್ಯಾ ತಲೆಯೆತ್ತಿ ನನ್ನನ್ನು ನೋಡಿದ.

"ತಮ್ಮಾ, ನಾ ನಿನಗ ಹೇಳಿ ಹ್ವಾದೆ. ನೀ ಸಾಹೇಬಗ ಹೇಳ್ದ್ಯೋ ಇಲ್ಲೋ? ಖರೇ ಹೇಳು."

ಏನಂತೆ ಎಂದು ಕುರಿ ಸಾಹೇಬ ಕೇಳಿದ. ಆ ಕ್ಷಣಕ್ಕೆ ನನಗೆ ಒಂದು ಸುಳ್ಳೂ ಹೊಳೆಯಲಿಲ್ಲ. ಮುತ್ಯಾನ ಹರಕೆ, ಅವನು ಬೆಳಗ್ಗೆ ಹೇಳಿದ್ದು, ಈಗ ಕೇಳುತ್ತಿರುವುದು, ಎಲ್ಲವನ್ನೂ ಇದ್ದದ್ದು ಇದ್ದಂತೆ ಇಂಗ್ಲಿಷಿಗೆ ತಿರುಗಿಸಿದೆ. ಬೆಲ್ಲವಿಲ್ಲ, ಖಾರ ತೆಗೆಯಲಿಲ್ಲ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಹೇಳಿದ: "ನೀನು ನನಗೆ ಹೇಳಿದ್ದೆ. ನಾನೇ ಮರೆತೆ. ನನ್ನದು ತೂತು ಬಿದ್ದ ತಲೆ. ಹಾಗೆಂದು ಅವನಿಗೆ ಹೇಳು."

ಕೆಲಸ ಮಾಡುವ ಜೊತೆಗಾರನ ತಪ್ಪನ್ನು ಮೇಲಿನವರ ಎದುರು ಆಡಿ ತೋರಿಸುವುದಕ್ಕಿಂತ ಹೀನ ಕೆಲಸ ಅವರ ದೇಶದಲ್ಲಿ ಇಲ್ಲವಂತೆ. ಇದನ್ನೂ ಬಾವಿ ಸಾಹೇಬನೇ ಆಮೇಲೊಮ್ಮೆ ಹೇಳಿದ. ಆದರೆ ಅವತ್ತು ಆ ಸುಳ್ಳನ್ನು ಕನ್ನಡದಲ್ಲಿ ಹೇಳಬೇಕಾದ ಬಾಯಿ ನನ್ನದು! "ನಾ ಹೇಳಿದ್ದೆ ಮುತ್ಯಾ. ಸಾಹೇಬರು ಮರ್ತಾರಂತ" ಎಂದೆ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಆಮೇಲೆ ಕುರಿ ಸಾಹೇಬ ಮಾಡಿದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಕತ್ತರಿಯನ್ನು ಮುತ್ಯಾನ ಕೈಗೆ ಕೊಟ್ಟ. ಅವನ ಎದುರು ನೆಲದ ಮೇಲೆ ಕುಂಡೆಯೂರಿ, ಕಾಲು ಚಾಚಿ, ಥೇಟು ಟಗರಿನ ಹಾಗೆ ಮುದುಕನ ಮೊಳಕಾಲಿಗೆ ಒರಗಿ ಕೂತು, ಗಡ್ಡವನ್ನು ಮೇಲೆತ್ತಿ ಹಿಡಿದ. "ಇದೂ ನಾಲ್ಕು ವರ್ಷದ್ದೇ. ತಗೋ ಹುಡುಗ" ಎಂದ. ಕುರುಬರೆಲ್ಲ ಉಸಿರು ಬಿಗಿಹಿಡಿದರು. ಕತ್ತರಿ ಗಡ್ಡಕ್ಕೆ ತಾಗಿದ್ದೇ ತಡ, ಸಾಹೇಬ ಕಣ್ಣು ಮುಚ್ಚಿ, "ಬ್ಯಾ… ಬ್ಯಾ…" ಎಂದು ಅರಚಿದ.

ಮೊದಲು ನಕ್ಕವನು ಚಾಚಾ. ಆಮೇಲೆ ಕೋಲು ಹಿಡಿದವರು ಕೋಲು ಬಿಸಾಡಿ ಹೊಟ್ಟೆ ಹಿಡಿದುಕೊಂಡರು. ಮುತ್ಯಾ ನಗುನಗುತ್ತಲೇ ಅಳತೊಡಗಿದ, ಅಳುತ್ತಲೇ ಗಡ್ಡ, ತಲೆ ಎರಡನ್ನೂ ಬೋಳಿಸಿ ಮುಗಿಸಿದ. ಕೊನೆಗೆ ಟಗರಿನ ಉಣ್ಣೆಯನ್ನು ಒಟ್ಟುಮಾಡಿ ಹಣೆಗೊತ್ತಿಕೊಂಡು, "ಇರ್ಲಿ ಬಿಡ್ರಿ. ಬೀರಪ್ಪಗ ಒಂದು ವರ್ಷ ಮೊದ್ಲೇ ಥಂಡಿ ಹತ್ತಿರಬೇಕು" ಎಂದ. ಆ ಕೆಂಪು ಕೂದಲನ್ನೂ ಬಿಡಲಿಲ್ಲ, ಅದೇ ಗಂಟಿನಲ್ಲಿ ಕಟ್ಟಿಕೊಂಡ. ಕಂಬಳಿಯ ಅಂಚಿನಲ್ಲಿ ಒಂದು ಕೆಂಪು ಎಳೆ ಓಡಿದ್ದನ್ನು ನಾನು ಬೀರಪ್ಪನ ಗುಡಿಯಲ್ಲಿ ಕಣ್ಣಾರೆ ನೋಡಿದ್ದೇನೆ.

ನಾನು ಪಾರಾದೆ ಎಂದುಕೊಂಡೆ. ಮರುದಿನ ಬೆಳಗ್ಗೆ ಹೋದೆ. ಬೋಳು ತಲೆಯ ಸಾಹೇಬ ಜೀಪಿನ ಪಕ್ಕ ನಿಂತಿದ್ದ. ಚಾಚಾನಿಗೆ, "ಕಡ್ಡಿ, ಹೊಟ್ಟೆಬಾಕ, ಏಳು" ಎಂದ. ನನ್ನ ಕಡೆ ತಿರುಗಿ ಮಿಸ್ಟರ್ ಸೇರಿಸಿ ನನ್ನ ಪೂರ್ತಿ ಹೆಸರು ಹಿಡಿದು, "ಶುಭೋದಯ. ದಯವಿಟ್ಟು ಆ ರಿಜಿಸ್ಟರ್ ತರುತ್ತೀರಾ?" ಎಂದ.

ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿದ್ದ. ಇನ್ನೂ ಎರಡು ತಿಂಗಳು ಅವನಿದ್ದ. ಒಂದು ದಿನವೂ ಸಿಡುಕಲಿಲ್ಲ, ಆ ವಿಷಯ ಎತ್ತಲಿಲ್ಲ. ಚಹಾ ಕೊಡುವಾಗ ನನಗೆ ಮೊದಲು ಕೊಡುತ್ತಿದ್ದ, ಅತಿಥಿಗೆ ಕೊಟ್ಟಂತೆ. ನಾನು ಬೇಕೆಂದೇ ತಡವಾಗಿ ಹೋದೆ, ಬೇಕೆಂದೇ ರಿಜಿಸ್ಟರಿನ ಮೇಲೆ ಚಹಾ ಚೆಲ್ಲಿದೆ. ಕತ್ತೆ ಅನ್ನಲಿ, ಒಂದೇ ಸಲ ಅನ್ನಲಿ ಎಂದು. "ಪರವಾಗಿಲ್ಲ ಮಿಸ್ಟರ್" ಎಂದ. ಮಾಳಪ್ಪ ಮುತ್ಯಾನ ಎದುರು ಹೋಗಿ, ಸಾಹೇಬನ ಎದುರಿಗೇ, ತಪ್ಪು ನನ್ನದು ಎಂದು ಒಂದು ಮಾತು ಆಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ನನಗೆ ಗೊತ್ತಿತ್ತು. ಪ್ರತಿದಿನ ಹತ್ತರ ಚಹಾಕ್ಕೆ ದುಂಡಗೆ ಕೂತಾಗ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಯಾರಾದರೂ ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು. ದೂರ ಕುರ್ಚಿಯಲ್ಲಿ ಇನ್‌ಸ್ಪೆಕ್ಟರ್ ಕೆಮ್ಮುತ್ತಿದ್ದರು. ನಾನು ಚಹಾ ಕುಡಿದು ಲೋಟ ತೊಳೆದಿಡುತ್ತಿದ್ದೆ.

ಹೋಗುವ ದಿನ ಸೋಲಾಪುರದ ಬಸ್ಸಿನ ಹತ್ತಿರ ಎಲ್ಲರೂ ಸೇರಿದ್ದರು. ಚಾಚಾನನ್ನು ಬೈದ, ಮುತ್ಯಾನ ಬೆನ್ನಿಗೆ ಗುದ್ದಿ ಬೈದ. ಮುತ್ಯಾ ತನ್ನ ಭಾಷೆಯಲ್ಲಿ, "ಹೋಗೋ ಬೋಳ್ಯಾ, ಹೋಗು" ಎಂದು ತಿರುಗಿ ಬೈದು ಕಣ್ಣೊರೆಸಿಕೊಂಡ. ದುಭಾಷಿ ಬೇಕಾಗಲಿಲ್ಲ. ನನಗೆ ಕೈ ಕುಲುಕಿ, "ನಿಮ್ಮಿಂದ ಬಹಳ ಸಹಾಯವಾಯಿತು" ಎಂದು ಒಂದು ಶಿಫಾರಸು ಪತ್ರ ಕೊಟ್ಟ. ಸಭ್ಯರು, ವಿನಯವಂತರು, ಸಮಯಪಾಲಕರು ಎಂದು ಬರೆದಿತ್ತು. ಆ ಪತ್ರದ ಮೇಲೇ ನನಗೆ ಕಚೇರಿಯಲ್ಲಿ ಕಾಯಂ ಕೆಲಸ ಸಿಕ್ಕಿತು. ರಾಜ್ಯ ಬದಲಾಯಿತು, ಮುಂಬಯಿ ಹೋಗಿ ಮಹಾರಾಷ್ಟ್ರವಾಯಿತು, ನನ್ನ ಕೆಲಸ ಅಲುಗಲಿಲ್ಲ. ಪತ್ರ ಇವತ್ತಿಗೂ ಟ್ರಂಕಿನಲ್ಲಿದೆ. ಅದರಲ್ಲಿ ಒಂದಾದರೂ ಬೈಗುಳ ಇದೆಯೇ ಎಂದು ಎಷ್ಟೋ ಸಲ ಹುಡುಕಿದ್ದೇನೆ, ನನ್ನಂಥ ಮಂಕ.

ಅವನು ಹೋಗಿ ವರ್ಷದ ಮೇಲೆ ಮುತ್ಯಾನ ಹಟ್ಟಿಗೆ ಹೋಗಿ ಎಲ್ಲ ಹೇಳಿ ಕಾಲು ಹಿಡಿದೆ. ಅವನು ಬಾಯಲ್ಲಿದ್ದ ಎಲೆಯಡಿಕೆ ಉಗುಳಿದ.

"ಟಗರಿಗಿ ಉಣ್ಣೆ ಹೊಳ್ಳಿ ಬೆಳದದ. ಅವನ ಗಡ್ಡಾನೂ ಬೆಳದಿರ್ತದ. ಈಗ ನನಗ್ಯಾಕ ಹೇಳ್ತಿ ತಮ್ಮಾ? ಅಂವಾ ಇದ್ದಾಗ ಹೇಳೂದಿತ್ತು."

ಅಷ್ಟೇ ಅಂದ. ಬೈಯಲಿಲ್ಲ. ಸಾಹೇಬನ ಹಾಗೆ ಇವನೂ ಬೈಯಲಿಲ್ಲ. ಈಗ ಮುತ್ಯಾ ಇಲ್ಲ, ಚಾಚಾ ಇಲ್ಲ. ಕುರಿ ಸಾಹೇಬ ಇದ್ದಾನೆಂದರೆ ನೂರರ ಹತ್ತಿರ ಇರಬೇಕು, ಇರಲಾರ. ಗುಡಿಯಲ್ಲಿ ಆ ಕಂಬಳಿ ಜೀರ್ಣವಾಗಿ, ಬೇರೆ ಹಾಸಿ ಎಷ್ಟೋ ವರ್ಷವಾಯಿತು. ಕೆಂಪು ಎಳೆ ಎಲ್ಲಿ ಹೋಯಿತೋ…

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಎರಡನೇ ಬಸ್ಸೂ ಹೋದಾಗ ಆ ಕುರುಬ ನನ್ನನ್ನು ನೋಡಿದ. ಮುದುಕನಿಗೆ ಏಳಲಾಗುತ್ತಿಲ್ಲ ಎಂದುಕೊಂಡನೋ ಏನೋ, ಹತ್ತಿರ ಬಂದು ಕೈ ಕೊಟ್ಟ. ಆ ನೆನೆದ ಕಂಬಳಿ ನನ್ನ ಮುಖಕ್ಕೆ ತಾಗಿತು.

"ಸಾವಕಾಶ ಏಳ್ರಿ ಸಾಹೇಬ್ರ" ಎಂದ. "ದೊಡ್ಡ ಮನಷ್ಯಾರದೀರಿ."

ಈ ಊರಿನಲ್ಲಿ ನನಗೆ ಎಲ್ಲರೂ ರೀ ಹಚ್ಚಿಯೇ ಮಾತಾಡುತ್ತಾರೆ. ನಾನು ಅವನ ಕೈ ಹಿಡಿದುಕೊಂಡು, "'ಏ ಪೈಲವಾನ, ಏಳೋ ಕತ್ತೆ' ಅನ್ನೋ ತಮ್ಮಾ, ಒಂದ್ಸಲ ಅನ್ನು" ಎಂದೆ. ಅವನು ಗಾಬರಿಯಾಗಿ ಕೈ ಬಿಡಿಸಿಕೊಂಡು, ಎರಡೂ ಕೈ ಮುಗಿದು, ಮಳೆಯಲ್ಲೇ ಹೊರಟುಹೋದ.